ಹವಾಮಾನದ ಮಾನ

ಸುಬ್ಬಯ್ಯನವರ ಬಚ್ಚಲ ಹೊಗೆಯ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಅದನ್ನು ಮುಚ್ಚಿಟ್ಟುಕೊಂಡು ಈ ಕಥೆ ಹೇಳುವುದು ನನ್ನಿಂದಾಗದು. ಭೂಮಿಗೆ ಜ್ವರ ಬಂದಿದೆ, ಎಲ್ಲೋ ಹಿಮ ಕರಗುತ್ತಿದೆ, ಇನ್ನೆಲ್ಲೋ ಸಮುದ್ರ ಏರುತ್ತಿದೆ ಎಂದು ಟಿ.ವಿ.ಯವರು ಹೇಳತೊಡಗಿದ್ದು ಆಮೇಲಿನ ಮಾತು. ಅದಕ್ಕೆ ಎಷ್ಟೋ ಮೊದಲೇ ತಾರಸಿಯಲ್ಲಿ ಒಣಹಾಕಿದ ನನ್ನ ಸಂಡಿಗೆ ಆ ಹೊಗೆಗೆ ಕಪ್ಪಾಗತೊಡಗಿತ್ತು.

ಕೊಪ್ಪದ ನಮ್ಮ ಕೇರಿಯಲ್ಲಿ ಮನೆಗಳು ಒತ್ತೊತ್ತಾಗಿವೆ. ನನ್ನ ತಾರಸಿಗೂ ಸುಬ್ಬಯ್ಯನವರ ಬಚ್ಚಲಿನ ಹೊಗೆ ಕೊಳವೆಗೂ ನಡುವೆ ಇರುವುದು ಒಂದು ನುಗ್ಗೆಮರ, ಅದೂ ಎಲೆಯುದುರಿ ಬೋಳಾದದ್ದು. ಅವರಿಗೆ ಹಿರೇಕೊಡಿಗೆಯಲ್ಲಿ ಕಾಫಿ ತೋಟವಿದೆ. ಬೆಳಿಗ್ಗೆ ಸ್ನಾನ ಮಾಡಿ ಸ್ಕೂಟರ್ ಹತ್ತಿ ತೋಟಕ್ಕೆ ಹೋಗುತ್ತಾರೆ. ಮಧ್ಯಾಹ್ನ ಬಂದು ಮತ್ತೆ ಸ್ನಾನ. ಸಂಜೆ ಪೇಟೆ ಸುತ್ತಿ ಬಂದು ಇನ್ನೊಂದು ಸ್ನಾನ. ನೀರು ಸುಡುಸುಡು ಇರಬೇಕು. ಮೊದಲ ಚೊಂಬು ಹೊಯ್ದುಕೊಂಡಾಗ ಅವರ ಬಾಯಿಂದ 'ಹಾ...' ಎಂಬ ಸದ್ದು ಹೊರಟು ನಮ್ಮ ಅಡುಗೆಮನೆಯವರೆಗೂ ಕೇಳುತ್ತಿತ್ತು. ಕೇಳದಿದ್ದ ದಿನ ನೀರು ಹದವಾಗಿಲ್ಲ ಎಂದೇ ಅರ್ಥ. ಆ ದಿನ 'ಹಾ' ಬದಲು ವನಜಕ್ಕನಿಗೆ ಬೈಗುಳ ಕೇಳುತ್ತಿತ್ತು.

ವನಜಕ್ಕ ಎಂದರೆ ಅವರ ಹೆಂಡತಿ ವನಜಮ್ಮ. ಮಗಳು ಮದುವೆಯಾಗಿ ಶೃಂಗೇರಿ ಸೇರಿದ್ದಾಳೆ. ಹಳೆಯ ತಾಮ್ರದ ಹಂಡೆಯೊಂದು ಮಾತ್ರ ವನಜಕ್ಕನ ಪಾಲಿಗೆ ಉಳಿದಿದೆ. ನಸುಕಿನಲ್ಲಿ ಎದ್ದು ಒಲೆ ಹಚ್ಚಿದರೆ ಸಂಜೆಯವರೆಗೂ ಅದು ಆರಬಾರದು. ತೋಟದಿಂದ ಬಂದ ಕೊರಡುಗಳನ್ನು ಸರಿಸುತ್ತ, ಊದುತ್ತ, ತುಂಬುತ್ತ ಆಕೆಯ ದಿನ ಮುಗಿಯುತ್ತದೆ. ಆಕೆಯ ಅಕ್ಕ ತುಂಗಕ್ಕನ ಮನೆ ನರಸಿಂಹರಾಜಪುರದಲ್ಲಿ, ನಮ್ಮ ಬಾಯಲ್ಲಿ ಎನ್.ಆರ್. ಪುರದಲ್ಲಿ, ಭದ್ರಾ ಹಿನ್ನೀರಿಗೆ ಮುಖ ಮಾಡಿಕೊಂಡು. ಕೊಪ್ಪದಿಂದ ಬಸ್ಸು ಹತ್ತಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಊರು ಬರುತ್ತದೆ. ಆದರೂ ಮದುವೆಯಾದ ಮೇಲೆ ವನಜಕ್ಕ ಅಲ್ಲಿ ಒಂದು ರಾತ್ರಿಯೂ ಉಳಿದದ್ದಿಲ್ಲ. ಬೆಳಗಿನ ಬಸ್ಸಿಗೆ ಹೋದರೆ ಮಧ್ಯಾಹ್ನದ ಸ್ನಾನದ ಹೊತ್ತಿಗೆ ವಾಪಸ್ಸು. ಈ ಕಥೆ ನಡೆದ ವರ್ಷ ತುಂಗಕ್ಕನಿಗೆ ಮಂಡಿ ನೋವು ಜೋರಾಗಿ, 'ನಾಲ್ಕು ದಿನ ಬಂದಿರು ಮಾರಾಯ್ತಿ, ಮಾತಾಡೋಕಾದ್ರೂ ಒಬ್ರು ಬೇಕು' ಎಂದು ಫೋನಿನಲ್ಲಿ ಅತ್ತಿದ್ದಳಂತೆ. ವನಜಕ್ಕ ಗಂಡನನ್ನು ಕೇಳಿದ್ದು, ಅವರು ಹೇಳಿದ್ದು, ಎರಡೂ ನನಗೆ ಗೋಡೆಯಾಚೆಯಿಂದ ಕೇಳಿಸಿತ್ತು.

"ಹೋಗು. ನಾನೆಂತ ಬೇಡ ಅಂದ್ನಾ? ಒಲೆಗೆ ಯಾರು, ಅಷ್ಟು ಹೇಳಿ ಹೋಗು."

ಇಳಿಸಿದ್ದ ಬ್ಯಾಗು ಮತ್ತೆ ಅಟ್ಟ ಸೇರಿತು.

ಇಷ್ಟರಲ್ಲಿ ನನ್ನ ಅಕ್ಕನ ಮಗಳು ಕಾವ್ಯ ಚಿಕ್ಕಮಗಳೂರಿನಲ್ಲಿ ಯಾವುದೋ ತರಬೇತಿ ಮುಗಿಸಿ ಬಂದಳು. ಅವಳು ನಮ್ಮ ಮನೆಯಲ್ಲಿದ್ದುಕೊಂಡು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಾಳೆ. ಅದು ಎರಡು ಸಾವಿರದ ಎಂಟರ ಏಪ್ರಿಲ್, ಪರೀಕ್ಷೆ ಮುಗಿದು ರಜೆ ಶುರುವಾಗಿತ್ತು. ತರಬೇತಿಯಲ್ಲಿ ಹೇಳಿ ಕಳಿಸಿದ್ದು ಇಷ್ಟು: ಭಾಷಣ ಮಾಡಬೇಡಿ, ಸ್ನೇಹಿತರು, ನೆರೆಹೊರೆಯವರ ಜೊತೆ ಕೂತು ಹವಾಮಾನ ಬದಲಾವಣೆಯ ಬಗ್ಗೆ ಮಾತಾಡಿ, ಅವರ ಬಾಯಿಂದಲೇ ಒಂದು ಪರಿಹಾರ ಹೊರಡಿಸಿ. ನಮ್ಮ ಕೇರಿಯ ಬಾಯಿಗಳ ಪರಿಚಯ ಆ ತರಬೇತಿಯವರಿಗೆ ಇರಲಿಲ್ಲ.

ಹಾಲಿನ ಡೈರಿಯ ಗೋಡೆಗೆ ಒಂದು ಕರಿಹಲಗೆ ನೇತುಹಾಕಿದ್ದಾರೆ. ಕೇರಿಯ ಸುದ್ದಿಯೆಲ್ಲ ಅದರ ಮೇಲೆ. ಶನಿವಾರ ಕಾವ್ಯ ಸೀಮೆಸುಣ್ಣ ಹಿಡಿದು ದುಂಡಗೆ ಬರೆದಳು: 'ಹವಾಮಾನ ಬದಲಾವಣೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಸುಲೋಚನಮ್ಮನವರ ಅಂಗಳ. ಎಲ್ಲರೂ ಬನ್ನಿ.' ಸುಲೋಚನಮ್ಮ ಎಂದರೆ ನಾನು.

"ಮಾತುಕತೆ ಅಂತ ಒಂದು ಸೇರಿಸೇ" ಎಂದೆ ನಾನು.

"ಮಾತುಕತೆ ಅಂದ್ರೆ ಒಬ್ರೂ ಬರಲ್ಲ ಚಿಕ್ಕಮ್ಮ" ಎಂದಳು. ಹುಡುಗಿ ದಡ್ಡಿಯಲ್ಲ.

ಅದೇ ಸಂಜೆ ವನಜಕ್ಕ ಡೈರಿಯಿಂದ ಹಾಲು ತರುತ್ತ ನನಗೆ ಎದುರಾದಳು. ಸೆರಗಿನ ತುದಿಯಲ್ಲಿ ಬಿಳಿ ಪುಡಿ ಮೆತ್ತಿತ್ತು. ರಂಗೋಲಿ ಹಾಕಿರಬೇಕು ಅಂದುಕೊಂಡೆ. "ಎಂತ ವನಜಕ್ಕ, ಬಹಳ ಖುಷಿಯಲ್ಲಿದ್ದೀರಿ?" ಎಂದು ಕೇಳಿದ್ದಕ್ಕೆ, "ಹಾಲು ಇವತ್ತು ಗಟ್ಟಿ ಉಂಟು" ಎಂದು ನಗುತ್ತ ಹೋದಳು. ಹಾಲು ಗಟ್ಟಿಯಿದ್ದರೆ ಇಷ್ಟು ನಗುವವಳನ್ನು ನಾನು ಅದೇ ಮೊದಲು ನೋಡಿದ್ದು.

ಭಾನುವಾರ ಹತ್ತಕ್ಕೆ ಮೊದಲೇ ಜಹೀದಾ ಬಂದಳು. ನಮ್ಮ ಎದುರು ಮನೆಯವಳು. ಕೈಯಲ್ಲಿ ತುಪ್ಪದನ್ನದ ದೊಡ್ಡ ಡಬ್ಬ, ಕಂಕುಳಲ್ಲಿ ಸುತ್ತಿಟ್ಟ ಚಾಪೆ. ಹವಾಮಾನಕ್ಕೆ ಚಾಪೆ ಯಾಕಪ್ಪ ಎಂದು ನಾನು ಯೋಚಿಸುವಷ್ಟರಲ್ಲಿ ಅವಳ ಗಂಡ ಕಮಾಲುದ್ದೀನ್ ತನ್ನ ಮ್ಯಾಕ್ಸಿ ಕ್ಯಾಬನ್ನು ಹಿಂದಕ್ಕೆ ತೆಗೆದು ತೆಗೆದು ನಮ್ಮ ಗೇಟಿಗೇ ತಂದು ನಿಲ್ಲಿಸಿದ. ಕೊಪ್ಪದಿಂದ ಎನ್.ಆರ್. ಪುರಕ್ಕೆ ದಿನಾ ಜನರನ್ನು ತುಂಬಿಕೊಂಡು ಓಡುವ ವ್ಯಾನು ಅದು. ಅವತ್ತು ತೊಳೆದು, ಒರೆಸಿ, ಸೀಟಿಗೆ ಹೊಸ ಟವೆಲು ಹಾಸಿದ್ದ.

"ಸುಲೋಚನಕ್ಕ, ಎಲ್ಲಿಗೆ ಅಂತ ಬೋರ್ಡಲ್ಲಿ ಬರ್ದೇ ಇಲ್ವಲ್ಲ? ಸಿರಿಮನೆ ಫಾಲ್ಸೋ, ಹಿನ್ನೀರೋ?"

ನಾನು ಬಾಯಿ ತೆರೆಯುವ ಮೊದಲೇ ಸುಬ್ಬಯ್ಯನವರು ಬಂದರು. ಆಗ ತಾನೆ ಸ್ನಾನವಾಗಿ ಮೈಯಿಂದ ಇನ್ನೂ ಹಬೆ ಏಳುತ್ತಿತ್ತು. ತಲೆಗೆ ಟೊಪ್ಪಿ, ಕೊರಳಿಗೆ ಮಫ್ಲರ್. "ಫಾಲ್ಸ್ ಆದ್ರೆ ನಾನು ದೂರ ಕೂರ್ತೇನೆ ಮಾರಾಯ. ತಣ್ಣೀರು ನಂಗಾಗ್ದು" ಎಂದು ಮೊದಲೇ ಹೇಳಿಬಿಟ್ಟರು. ಅವರ ಹಿಂದೆ ವನಜಕ್ಕ. ಅಟ್ಟದಿಂದಿಳಿದ ಏರ್‌ಬ್ಯಾಗು ಹೊಟ್ಟೆ ತುಂಬಿಸಿಕೊಂಡು ಆಕೆಯ ಕೈಯಲ್ಲಿ ತೂಗುತ್ತಿತ್ತು. ಕೇರಿಯ ಇನ್ನೂ ಐದಾರು ಜನ ಬುತ್ತಿ ಕಟ್ಟಿಕೊಂಡು ಬಂದಿದ್ದರು. ಬರೀ ಕೈಯಲ್ಲಿ ಬಂದವರು ಒಬ್ಬರೂ ಇರಲಿಲ್ಲ.

ಭೂಮಿಯ ಚಿತ್ರ ಹಿಡಿದು ನಿಂತಿದ್ದ ಕಾವ್ಯಳ ಮುಖ ನೋಡುವಂತಿತ್ತು. "ನೀವೆಲ್ಲ ಎಲ್ಲಿಗೆ ಹೊರಟದ್ದು?"

"ಹವಾ ಬದಲಾವಣೆಗೆ" ಎಂದಳು ಜಹೀದಾ. "ನೀನೇ ಬರ್ದಿದ್ದಲ್ವಾ? ನಂಗೂ ಡಾಕ್ಟ್ರು ಹೋದ ವರ್ಷದಿಂದ ಹೇಳ್ತಿದ್ದಾರೆ, ಸ್ವಲ್ಪ ಹವಾ ಬದಲಾವಣೆ ಬೇಕು ಅಂತ. ಇವರು ಊರಿನೋರನ್ನೆಲ್ಲ ಕರ್ಕೊಂಡು ಹೋಗ್ತಾರೆ, ನನ್ನನ್ನ ಬಿಟ್ಟು."

ಎಲ್ಲರೂ ಡೈರಿಯ ಗೋಡೆಗೆ ಓಡಿದೆವು. ಕರಿಹಲಗೆಯ ಮೇಲೆ 'ಹವಾ' ಇತ್ತು, 'ಬದಲಾವಣೆ' ಇತ್ತು. ನಡುವೆ ಎರಡಕ್ಷರದ ಜಾಗದಲ್ಲಿ ಬಿಳಿ ಮಬ್ಬು. ಹಾಲಿನ ಕ್ಯಾನು ತಾಗಿರಬೇಕು ಎಂದು ಒಬ್ಬರು, ಆಕಳು ನೆಕ್ಕಿರಬೇಕು ಎಂದು ಇನ್ನೊಬ್ಬರು. ಕಮಾಲುದ್ದೀನ್ ಹಲಗೆಯನ್ನು ಕಣ್ಣರಳಿಸಿ ನೋಡಿ, "ಹವಾ ಉಂಟು. ಮಾನ ಹೋಗಿದೆ" ಎಂದ. ನಕ್ಕೂ ನಕ್ಕೂ ನಮಗೆಲ್ಲ ಹೊಟ್ಟೆ ಹುಣ್ಣಾಯಿತು. ವನಜಕ್ಕ ಮಾತ್ರ ಬ್ಯಾಗನ್ನು ಎದೆಗವಚಿಕೊಂಡು ನಿಂತಿದ್ದಳು. ಪಾಪ, ಎಷ್ಟು ಆಸೆಪಟ್ಟು ಬಂದಳೋ ಎಂದು ನಾನು ನಿಜವಾಗಿಯೂ ಮರುಗಿದೆ.

ಬಂದದ್ದು ಬಂದಾಗಿದೆ, ಬುತ್ತಿಯೂ ಇದೆ, ಮಾತಾಡಿಯೇ ಉಣ್ಣೋಣ ಎಂದು ಜಹೀದಾಳ ಚಾಪೆ ಹಾಸಿ ಅಂಗಳದಲ್ಲಿ ಕುಳಿತೆವು. ಕಾವ್ಯ ಚಿತ್ರ ತೋರಿಸಿದಳು. ನಾವು ಸುಡುವ ಸೌದೆ, ಡೀಸೆಲ್, ಕಲ್ಲಿದ್ದಲಿನ ಹೊಗೆಯೆಲ್ಲ ಮೇಲೆ ಹೋಗಿ ಭೂಮಿಗೆ ಕಂಬಳಿ ಹೊದಿಸಿದಂತೆ ಆಗುತ್ತದೆ, ಸೆಕೆ ಏರುತ್ತದೆ, ಮಳೆ ದಿಕ್ಕು ತಪ್ಪುತ್ತದೆ ಎಂದು ಚೆನ್ನಾಗಿಯೇ ಹೇಳಿದಳು. "ಇನ್ನು ಪರಿಹಾರ ನೀವು ಹೇಳಿ" ಎಂದು ಕುಳಿತಳು.

ಪರಿಹಾರ ಹೇಳುವುದರಲ್ಲಿ ಸುಬ್ಬಯ್ಯನವರದು ಎತ್ತಿದ ಕೈ. ಮಫ್ಲರ್ ಸಡಿಲಿಸಿಕೊಂಡು ಶುರು ಮಾಡಿದರು. ಅಮೆರಿಕದವರು ಕಾರು ಬಿಡಬೇಕು. ಚೀನಾದವರು ಫ್ಯಾಕ್ಟರಿ ಮುಚ್ಚಬೇಕು. ಬೆಂಗಳೂರಿನವರು ಒಟ್ಟಾರೆ ಸ್ವಲ್ಪ ಕಡಿಮೆಯಾಗಬೇಕು. "ನನ್ನ ಸಣ್ಣ ಪ್ರಾಯದಲ್ಲಿ ಕಾಫಿ ಹೂ ಅರಳಿಸೋ ಮಳೆ ಹೇಳಿ ಮಾಡಿಸಿದ ಹಾಗೆ ಬರ್ತಿತ್ತು. ಈಗ ಯಾರನ್ನ ಕೇಳೋದು? ಇಲ್ಲಿ ಇವತ್ತು ಎಂತ ತೀರ್ಮಾನ ಆದ್ರೂ ಸರಿ, ಮೊದ್ಲು ಕೈ ಎತ್ತೋನು ನಾನು. ಬರ್ಕೊಳ್ಳಿ!"

"ಚೀನಾದವರು ನಮ್ಮ ಅಂಗಳಕ್ಕೆ ಬಂದಿಲ್ಲ ಮಾವ. ನಮ್ಮ ಕೇರಿಯಲ್ಲಿ ಎಂತ ಮಾಡಬಹುದು ಹೇಳಿ" ಎಂದಳು ಕಾವ್ಯ.

ಕಮಾಲುದ್ದೀನ್ ಗಂಟಲು ಸರಿಮಾಡಿಕೊಂಡು, "ಒಬ್ಬೊಬ್ರೇ ಬೈಕಲ್ಲಿ ಹೋಗೋದು ಬಿಟ್ಟು ಎಲ್ಲ ನನ್ನ ವ್ಯಾನು ಹತ್ತಿದ್ರೆ ಹೊಗೆ ಕಡಿಮೆ" ಎಂದ. ಜಹೀದಾ ಅವನನ್ನು ಅಲ್ಲಿಯೇ ಹಿಡಿದಳು. "ನಿಮ್ಮ ವ್ಯಾನು ಸ್ಟ್ಯಾಂಡಲ್ಲಿ ನಿಂತು ಅರ್ಧ ಗಂಟೆ ಗುರ್ ಗುರ್ ಅಂತದಲ್ಲ, ಅದು? ಈಗ ಹೊರಟೆ, ಈಗ ಹೊರಟೆ ಅಂತ ಜನರನ್ನ ನಂಬಿಸೋಕೆ ಇಂಜಿನ್ ಆಫ್ ಮಾಡೋದೇ ಇಲ್ಲ. ನಿಂತ ಗಾಡಿ ಹೊಗೆ ಬಿಟ್ಟರೆ ಯಾವ ಊರು ಬರ್ತದೆ?" ಕಮಾಲುದ್ದೀನನಿಗೆ ಸಿಟ್ಟು ಬಂದು, ಹಾಲಿನ ಪ್ಯಾಕೆಟಿನ ಪ್ಲಾಸ್ಟಿಕ್ಕನ್ನು ಕಸದ ಜೊತೆ ಸುಡುವವರು ಇದೇ ಅಂಗಳದಲ್ಲಿದ್ದಾರೆ ಎಂದ. ಎಲ್ಲರ ಕಣ್ಣೂ ನನ್ನ ಮೇಲೆ ತಿರುಗಿತು. ನಾನು ಕಾಫಿ ತರಲು ಒಳಗೆ ಹೋದೆ.

ಕಾಫಿ ತಂದವಳು ಸುಮ್ಮನಿರಲಿಲ್ಲ. ನನ್ನ ಮೇಲೆ ಹೋದ ಕಣ್ಣುಗಳನ್ನು ಬೇರೆ ಕಡೆ ತಿರುಗಿಸಬೇಕಿತ್ತಲ್ಲ. ಲೋಟ ಕೊಡುತ್ತ, "ಇಡೀ ದಿನ ಆರದ ಒಲೆ ನಮ್ಮ ಕೇರಿಯಲ್ಲಿ ಒಂದೇ. ನನ್ನ ಸಂಡಿಗೆ ನೋಡಿ ಯಾರು ಬೇಕಾದ್ರೂ ಹೇಳ್ತಾರೆ, ಯಾರ ಬಚ್ಚಲಿದ್ದು ಅಂತ" ಎಂದುಬಿಟ್ಟೆ.

ಸುಬ್ಬಯ್ಯನವರು ಕಾಫಿ ಕೆಳಗಿಟ್ಟರು. "ಒಲೆ ಎಂತ ನಾನು ಉರಿಸ್ತೇನಾ? ನಾನು ಒಂದು ದಿನ ಕಡ್ಡಿ ಗೀರಿದ್ದು ನೋಡಿದ್ದೀರಾ? ಅದೆಲ್ಲ ಇವಳದ್ದು. ಇವಳನ್ನ ಕೇಳಿ. ಇವಳಿಲ್ದಿದ್ರೆ ಆ ಒಲೆ ಉರಿಯೋದೇ ಇಲ್ಲ!"

ಹೇಳಿ ಗೆದ್ದವರಂತೆ ಸುತ್ತ ನೋಡಿದರು. ಆಗ ವನಜಕ್ಕ ಎದ್ದು ನಿಂತಳು. ಬ್ಯಾಗಿನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದಿದ್ದಳು.

"ಕೂಸೇ ಕಾವ್ಯ, ಬರ್ಕೋ. ಪರಿಹಾರ ಸಿಕ್ತು. ನಾನಿಲ್ದಿದ್ರೆ ಒಲೆ ಉರಿಯಲ್ವಂತೆ. ಇವರೇ ಹೇಳಿದ್ದು. ಹಾಗಾದ್ರೆ ನಾನು ಅಕ್ಕನ ಮನೆಗೆ ಹೋಗಿರ್ತೇನೆ. ಭೂಮಿ ತಣ್ಣಗಿರ್ಲಿ."

ಕಾವ್ಯ, ಕಳ್ಳಿ, ಬಹಳ ಗಂಭೀರವಾಗಿ, "ಒಪ್ಪಿಗೆ ಇರೋರು ಕೈ ಎತ್ತಿ" ಎಂದಳು. ಜಹೀದಾಳ ಕೈ ಮೊದಲು ಮೇಲೆ ಹೋಯಿತು, ನನ್ನವು ಎರಡೂ ಹೋದವು. ಕೇರಿಯ ಕೈಗಳೆಲ್ಲ ಎದ್ದ ಮೇಲೆ ಜನ ಸುಬ್ಬಯ್ಯನವರನ್ನು ನೋಡಿದರು. ಮೊದಲು ಕೈ ಎತ್ತುವವನು ನಾನು ಎಂದವರು ಅವರೇ ಅಲ್ಲವೇ. ಅವರ ಕೈ ಮಫ್ಲರಿನವರೆಗೆ ಬಂದು, ಅದನ್ನು ಸರಿಪಡಿಸುವ ನೆಪದಲ್ಲಿ ಅಲ್ಲಿಯೇ ನಿಂತಿತು. "ಸುಬ್ಬಯ್ಯನೋರೂ ಎತ್ತಿದ್ರು!" ಎಂದು ಕಮಾಲುದ್ದೀನ್ ಕೂಗಿ ವ್ಯಾನಿನ ಬಾಗಿಲು ತೆರೆದ. "ಹತ್ತಿ ವನಜಕ್ಕ. ನನ್ನ ಟ್ರಿಪ್ಪು ಹೇಗೂ ಆ ಕಡೆಗೇ." ಜಹೀದಾ ಕೂಡ ಡಬ್ಬ ಎತ್ತಿಕೊಂಡು ಹಿಂದಿನ ಸೀಟಿಗೆ ಹತ್ತಿದಳು, ಹಿನ್ನೀರು ನೋಡಿ ಸಂಜೆ ಬರುತ್ತೇನೆಂದು. ನಮ್ಮ ಪಾಲಿನ ತುಪ್ಪದನ್ನವೂ ಅವಳ ಜೊತೆಗೇ ಹೋಯಿತು.

"ಒಲೆ?" ಎಂದು ಸುಬ್ಬಯ್ಯನವರು ಕೇಳಿದ್ದು ವ್ಯಾನಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ನನಗೆ ಮಾತ್ರ ಕೇಳಿಸಿತು, ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದೆ.

ಮರುದಿನ ಬೆಳಿಗ್ಗೆ ಅವರ ಮನೆಯಿಂದ ಎಂದೂ ಕಾಣದಷ್ಟು ಹೊಗೆ ಬಂತು, ಕೊಳವೆಯಿಂದಲ್ಲ, ಕಿಟಕಿ ಬಾಗಿಲುಗಳಿಂದ. ಅದರೊಳಗಿಂದ ಕೆಮ್ಮುತ್ತ ಸುಬ್ಬಯ್ಯನವರು ಹೊರಬಂದರು. ಹಸಿ ಕೊರಡಿಗೆ ಅರ್ಧ ಬಾಟಲಿ ಸೀಮೆಎಣ್ಣೆ ಸುರಿದಿದ್ದರಂತೆ. ಹೆಗಲ ಮೇಲೆ ಟವೆಲು ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದು, "ಸುಲೋಚನಾ, ಎರಡು ಚೊಂಬು ಬಿಸಿನೀರು ಉಂಟಾ?" ಎಂದರು. ಕೊಟ್ಟೆ, ಸ್ವಲ್ಪ ಆರಿಸಿಯೇ ಕೊಟ್ಟೆ. ಅವತ್ತು 'ಹಾ' ಕೇಳಲಿಲ್ಲ. ಬೈಸಿಕೊಳ್ಳಲು ವನಜಕ್ಕನೂ ಇರಲಿಲ್ಲ.

ಒಂದೆರಡು ದಿನದಲ್ಲಿ ಸ್ನಾನ ಬೆಳಗಿಗೊಂದೇ ಆಯಿತು. ಸಂಜೆಯದು ಮೊದಲು ಬಿದ್ದುಹೋಯಿತು. ಅಕ್ಕನ ಮನೆಗೆ ಫೋನು ಹೋಗುತ್ತಿತ್ತು. ಯಾವಾಗ ಬರ್ತಿ ಎಂದು ಇವರು, ಭೂಮಿ ಇನ್ನೂ ತಣ್ಣಗಾಗಿಲ್ಲವಂತೆ ಎಂದು ಆಕೆ. ಹೀಗಿರುವಾಗ ಒಂದು ಮಧ್ಯಾಹ್ನ ತೋಟದಿಂದ ಬಂದು ಕಾಲು ತೊಳೆಯಲು ಹಿತ್ತಲಿನ ನಲ್ಲಿ ತಿರುಗಿಸಿದ್ದಾರೆ. ತೋಟಕ್ಕೆಂದು ತಂದು ಉಳಿದ ಕಪ್ಪು ಪೈಪಿನ ಉದ್ದನೆಯ ಸುರುಳಿ ಆ ನಲ್ಲಿಗೆ ಸೇರಿಸಿದ್ದು ಹಿತ್ತಲ ತುಂಬ ಬಿಸಿಲಿಗೆ ಬಿದ್ದಿತ್ತು, ಅದರೊಳಗೆ ನಿಂತಿದ್ದ ನೀರೇ ಮೊದಲು ಕಾಲಿಗೆ ಬಿತ್ತು. "ಅಯ್ಯಯ್ಯೋ!" ಎಂಬ ಕೂಗಿಗೆ ನಾನೂ ಜಹೀದಾಳೂ ಓಡಿಹೋದೆವು. ಸುಬ್ಬಯ್ಯನವರು ಒಂದೇ ಕಾಲಿನಲ್ಲಿ ನಿಂತಿದ್ದರು. ಇನ್ನೊಂದು ಕಾಲು ಕೆಂಪಾಗಿತ್ತು. ಮುಖದಲ್ಲಿ ನೋವಿರಲಿಲ್ಲ, ಹಬ್ಬವಿತ್ತು.

"ಸುಡ್ತದೆ ಮಾರಾಯ್ತಿ! ಒಲೆ ಇಲ್ದೆ ಸುಡ್ತದೆ!"

ಅಲ್ಲಿಂದ ಅವರನ್ನು ಹಿಡಿಯುವವರಿಲ್ಲ. ಸುರುಳಿಯನ್ನು ಬಚ್ಚಲ ಹೆಂಚಿನ ಮೇಲೆ ಹತ್ತಿಸಿದರು. ಬೆಳಗಿನ ಸ್ನಾನವನ್ನು ಮಧ್ಯಾಹ್ನಕ್ಕೆ ತಳ್ಳಿದರು. ಮಳೆ ಬಂದ ಮೇಲೆ ಏನು ಮಾಡುವುದೆಂದು ಯಾರಾದರೂ ಕೇಳಿದರೆ ಅವನು ಪರಿಹಾರದ ವಿರೋಧಿ ಎಂದು ಪೇಟೆಯಲ್ಲೆಲ್ಲ ಹೇಳುತ್ತ ಬಂದರು. ಅಡಿಕೆ ಮಂಡಿಯಲ್ಲಿ, ಕ್ಷೌರದಂಗಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಸಿಕ್ಕಿದವರಿಗೆಲ್ಲ ಹವಾಮಾನ ಬದಲಾವಣೆಯ ಪಾಠ. ಕಾವ್ಯ ರಜೆ ಮುಗಿಯುವವರೆಗೂ ಬಾಯಿ ತೆರೆಯಬೇಕಾಗಲಿಲ್ಲ. ಕಮಾಲುದ್ದೀನನೂ ಹೆಂಡತಿಯ ಮಾತಿಗೆ ಕಟ್ಟುಬಿದ್ದು ಸ್ಟ್ಯಾಂಡಿನಲ್ಲಿ ಇಂಜಿನ್ ಆಫ್ ಮಾಡಿ ನಿಲ್ಲಿಸಿದ. ಗಾಡಿ ಕೆಟ್ಟಿದೆ ಎಂದು ಜನರೆಲ್ಲ ಇಳಿದು ಬಸ್ಸು ಹತ್ತಿದರು. ಕೊನೆಗೆ ಇಂಜಿನ್ನಿನ ಬದಲು ತಾನೇ ಬಾಗಿಲಲ್ಲಿ ನಿಂತು, ಹೊರಟೆ ಹೊರಟೆ ಎಂದು ಕೂಗಲು ಕಲಿತ. ನಾನು ಪ್ಲಾಸ್ಟಿಕ್ ಸುಡುವುದನ್ನು ನಿಲ್ಲಿಸಿದೆ ಎಂದು ಎಲ್ಲರಿಗೂ ಹೇಳಿದ್ದೇನೆ.

ವಾರ ಕಳೆದು ಇನ್ನೂ ಎರಡು ದಿನಕ್ಕೆ ವನಜಕ್ಕ ಬಂದಳು. ವ್ಯಾನಿನಿಂದ ಇಳಿದವಳ ಮುಖಕ್ಕೆ ಬಣ್ಣ ಬಂದಿತ್ತು, ಕೆನ್ನೆ ಸ್ವಲ್ಪ ತುಂಬಿತ್ತು. ಕೇರಿಯವರೆಲ್ಲ ಏನೇನೋ ಕೆಲಸದ ನೆಪದಲ್ಲಿ ಬೇಲಿಗೆ ಬಂದು ನಿಂತಿದ್ದೆವು. ಇನ್ನು ಮತ್ತೆ ಒಲೆಯೋ ಎಂಬುದೇ ನಮ್ಮೆಲ್ಲರ ಪ್ರಶ್ನೆ. ಆಕೆ ಬ್ಯಾಗು ಕೆಳಗಿಟ್ಟವಳೇ ಅಭ್ಯಾಸದಂತೆ ನೇರ ಬಚ್ಚಲಿಗೆ ಹೋದಳು. ಒಲೆಯಲ್ಲಿ ತಣ್ಣನೆಯ ಬೂದಿ. ಕೊರಡಿಗೆ ಕೈ ಹಾಕಲು ಬಗ್ಗಿದ್ದು ನನಗೆ ಬಚ್ಚಲ ಕಿಟಕಿಯಿಂದ ಕಂಡಿತು. ನನ್ನ ಸಂಡಿಗೆಯ ಗತಿ ಮುಗಿಯಿತು ಅಂದುಕೊಂಡೆ. ಸಂಡಿಗೆಗಿಂತ ಹೆಚ್ಚಾಗಿ ಆಕೆಗಾಗಿ ಸಂಕಟವಾಯಿತು.

"ಅದನ್ನ ಬಿಡು" ಎಂದರು ಸುಬ್ಬಯ್ಯನವರು ಹಿಂದಿನಿಂದ. "ಎರಡು ಬಕೆಟ್ ಹಿಡಿದು ಗೋಣಿ ಮುಚ್ಚಿಟ್ಟಿದ್ದೇನೆ. ನಿಂಗೇ ಇಟ್ಟಿದ್ದು. ಆರೋ ಮೊದ್ಲು ಮೈ ತೊಳ್ಕೋ."

ವನಜಕ್ಕ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಬಚ್ಚಲಿನಿಂದ ಒಂದು ಸದ್ದು ಬಂತು. 'ಹಾ...' ಎಂದು, ಉದ್ದಕ್ಕೆ, ಹೆಂಗಸಿನ ದನಿಯಲ್ಲಿ. ಇಷ್ಟು ವರ್ಷದಲ್ಲಿ ಆ ಬಚ್ಚಲಿನಿಂದ ಆಕೆಯ 'ಹಾ' ನಾನು ಕೇಳಿರಲೇ ಇಲ್ಲ. ಆ ದಿನ ಹೊಗೆ ಒಂದಿಷ್ಟೂ ಇರಲಿಲ್ಲ, ಆದರೂ ನನಗೆ ಕಣ್ಣಲ್ಲಿ ನೀರು ಬಂತು.

ಸಂಜೆ ಕೂದಲು ಆರಿಸಿಕೊಳ್ಳಲು ಆಕೆ ನನ್ನ ತಾರಸಿಗೆ ಬಂದಳು. ಸಂಡಿಗೆ ಬೆಳ್ಳಗೆ ಒಣಗಿತ್ತು, ಒಂದು ಮುರಿದು ಬಾಯಿಗೆ ಹಾಕಿಕೊಂಡಳು.

"ಬಾಣಂತನ ಬಿಟ್ರೆ ನಂಗೆ ಅಂತ ಯಾರೂ ನೀರು ಬಿಸಿ ಮಾಡಿ ಇಟ್ಟದ್ದಿಲ್ಲ ಸುಲೋಚನಾ" ಎಂದಳು. "ಮಳೆಗಾಲಕ್ಕೆ ಒಲೆ ಹಚ್ಚಬೇಕಲ್ಲ ಅಂದೆ. ಯಾರಿಗೆ ಮೊದ್ಲು ಬೇಕೋ ಅವರು ಹಚ್ಚೋದು ಅಂದ್ರು. ನಂಗೆ ಮೊದ್ಲು ಯಾವತ್ತೂ ಬೇಡ."

"ಆ ಹಾಲಿನ ಕ್ಯಾನು ತಾಗಿ ಅಕ್ಷರ ಅಳಿಸದಿದ್ರೆ ಇದೆಲ್ಲ ಆಗ್ತಲೇ ಇರ್ಲಿಲ್ಲ ನೋಡಿ. ಜನ ಬುತ್ತಿ ಕಟ್ಟಿ ಬರ್ತಿರ್ಲಿಲ್ಲ, ವ್ಯಾನೂ ಬರ್ತಿರ್ಲಿಲ್ಲ" ಎಂದೆ ನಾನು.

"ಕೇರಿಯೆಲ್ಲ ಗಂಟು ಕಟ್ಟಿದ್ದಕ್ಕೇ ನನ್ನ ಬ್ಯಾಗನ್ನ ಇವರು ಕೇಳ್ಲಿಲ್ಲ" ಎಂದು ವನಜಕ್ಕ ಇನ್ನೊಂದು ಸಂಡಿಗೆ ಮುರಿದಳು. "ಕ್ಯಾನು ಎಂತಕ್ಕೆ ತಾಗ್ತದೆ ಮಾರಾಯ್ತಿ, ಅಷ್ಟು ಎತ್ತರದ ಬೋರ್ಡಿಗೆ?"

ನನಗೆ ಆಗ ಆ ಶನಿವಾರದ ಸೆರಗಿನ ಬಿಳಿ ಪುಡಿ ನೆನಪಾಯಿತು.

"ವನಜಕ್ಕ! ನೀವಾ? ಕೇರಿಯೆಲ್ಲ ನೋಡೋ ಗೋಡೆ ಮೇಲಿದ್ದ ಮಾನವನ್ನು ಸೆರಗಲ್ಲಿ ಒರೆಸಿ ಹಾಕಿದ್ದು ನೀವಾ?"

ಆಕೆ ಒದ್ದೆ ಕೂದಲನ್ನು ಬೆನ್ನಿಗೆ ಒಗೆದುಕೊಂಡು, ಸುಬ್ಬಯ್ಯನವರು ಹೆಂಚಿನ ಮೇಲೆ ಪೈಪು ಸರಿಪಡಿಸುವುದನ್ನೇ ನೋಡುತ್ತ ನಕ್ಕಳು.

"ಮಾನ ಕಾಯ್ಕೊಂಡು ಕೂತಿದ್ರೆ ನಂಗೆ ಹವಾ ಬದಲಾಗ್ತಿತ್ತಾ?"